67 ಬಂದ್ರೆ ಪಾಸು ಅಷ್ಟೇ, ಸೀಟಲ್ಲ

ಹೋದ ತಿಂಗಳು ಹಳೇ ವಿದ್ಯಾರ್ಥಿಗಳ ಸಭೆಗೆ ಕಾಲೇಜಿಗೆ ಬಂದಿದ್ದೆ. ಸೆಮಿನಾರ್ ಹಾಲ್‌ನಿಂದ ಕ್ಯಾಂಟೀನ್ ಮುಟ್ಟೋದ್ರೊಳಗೆ ಮೂರು ಜನ ಫೈನಲ್ ಇಯರ್ ಹುಡುಗರು ಒಂದೇ ಪ್ರಶ್ನೆ ಕೇಳಿದ್ರು: "ಅಣ್ಣಾ, ಕೆನಡಾ ಪಿಆರ್‌ಗೆ ಅಪ್ಲೈ ಮಾಡೋದು ಹೇಗೆ?" ಅವರಲ್ಲೊಬ್ಬನ ಕೈಯಲ್ಲಿ ಯಾವುದೋ ಕನ್ಸಲ್ಟೆನ್ಸಿಯ ಕರಪತ್ರ ಇತ್ತು. ಮೇಪಲ್ ಎಲೆ, ಹಿಮ, ನಗೋ ಕುಟುಂಬ, ಕೆಳಗೆ ದಪ್ಪ ಅಕ್ಷರದಲ್ಲಿ "67 ಪಾಯಿಂಟ್ ಇದ್ದರೆ ನೀವು ಅರ್ಹರು". ಅದರಲ್ಲಿ ಸುಳ್ಳೇನೂ ಇಲ್ಲ, ಅದೇ ಅದರ ಸಮಸ್ಯೆ. ಏಳು ವರ್ಷದ ಹಿಂದೆ ಅಂಥದ್ದೇ ಒಂದು ಕಾಗದ ನಂಬಿ ನಾನು 80,000 ರೂಪಾಯಿ ಕಟ್ಟಿದ್ದೆ. ಇವತ್ತಿಗೂ ಬೆಂಗಳೂರಲ್ಲೇ ಇದ್ದೀನಿ.

ಕ್ಯಾಂಟೀನಲ್ಲಿ ನಿಂತು ಹತ್ತು ನಿಮಿಷದಲ್ಲಿ ಹೇಳಿದ್ದು ಅವರಿಗೆ ಎಷ್ಟು ಅರ್ಥ ಆಯ್ತೋ ಗೊತ್ತಿಲ್ಲ. ಅದಕ್ಕೇ ಇಲ್ಲಿ ಬರೀತಿದ್ದೀನಿ.

ಮೊದಲು ಪಿಆರ್ ಅಂದ್ರೆ ಏನು ಅಂತ. ಪರ್ಮನೆಂಟ್ ರೆಸಿಡೆನ್ಸ್, ಅಂದರೆ ಕಾಯಂ ನಿವಾಸದ ಹಕ್ಕು. ಅದು ಪೌರತ್ವ ಅಲ್ಲ. ನಿಮ್ಮ ಪಾಸ್‌ಪೋರ್ಟ್ ಭಾರತದ್ದೇ ಆಗಿರುತ್ತೆ, ಅಲ್ಲಿ ವೋಟು ಹಾಕೋ ಹಾಗಿಲ್ಲ. ಆದರೆ ಯಾವ ಕಂಪನಿಯಲ್ಲಿ ಬೇಕಾದರೂ ಕೆಲಸ ಮಾಡಬಹುದು, ಕೆಲಸ ಹೋದರೂ ದೇಶ ಬಿಡಬೇಕಾಗಿಲ್ಲ. ಅಮೆರಿಕದಲ್ಲಿ ಎಚ್1ಬಿ ಮೇಲಿರೋ ಸೀನಿಯರ್‌ಗಳನ್ನು ಕೇಳಿ ನೋಡಿ, ಈ ಎರಡನೇ ಮಾತಿನ ಬೆಲೆ ಗೊತ್ತಾಗುತ್ತೆ. ಅಲ್ಲಿ ಉದ್ಯೋಗದ ಆಧಾರದ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000. ಯಾವುದೇ ಒಂದು ದೇಶದಲ್ಲಿ ಹುಟ್ಟಿದವರಿಗೆ ಅದರಲ್ಲಿ ಸಾಮಾನ್ಯವಾಗಿ 7 ಶೇಕಡಾ ಮಾತ್ರ. ಭಾರತದಲ್ಲಿ ಹುಟ್ಟಿದ್ದಕ್ಕೇ ಕ್ಯೂ ಅಷ್ಟುದ್ದ. ಕೆನಡಾದಲ್ಲಿ ಈ ದೇಶವಾರು ಮಿತಿ ಇಲ್ಲ, ನಮ್ಮವರು ಆ ಕಡೆ ತಿರುಗೋದಕ್ಕೆ ದೊಡ್ಡ ಕಾರಣ ಅದೇ.

ಹಾಗಂತ ಅಲ್ಲಿ ಯಾವಾಗಲೂ ಬಾಗಿಲು ತೆರೆದೇ ಇತ್ತು ಅಂದುಕೋಬೇಡಿ. 1914ರಲ್ಲಿ ಕೊಮಗಾತ ಮಾರು ಹಡಗಿನಲ್ಲಿ ಹೋದ 376 ಜನರಲ್ಲಿ ಹೆಚ್ಚಿನವರನ್ನು ವ್ಯಾಂಕೂವರ್ ಬಂದರಿಂದಲೇ ವಾಪಸ್ ಕಳಿಸಿದ್ರು. 1951ರಲ್ಲಿ ಭಾರತೀಯರಿಗೆ ಅಂತ ಇಟ್ಟ ಕೋಟಾ ವರ್ಷಕ್ಕೆ 150 ಜನ. ಯಾವ ದೇಶದವನು ಅಂತ ನೋಡದೆ ಓದು, ಭಾಷೆ, ವಯಸ್ಸು, ಅನುಭವಕ್ಕೆ ಅಂಕ ಕೊಡೋ ಪದ್ಧತಿ ಬಂದಿದ್ದು 1967ರಲ್ಲಿ. ಈಗಿನ ಎಕ್ಸ್‌ಪ್ರೆಸ್ ಎಂಟ್ರಿ ಶುರುವಾಗಿದ್ದು 2015ರ ಜನವರಿಯಲ್ಲಿ. ನಾನು ಬಿಇ ಮುಗಿಸಿದ್ದೂ ಅದೇ ವರ್ಷ.

ಈಗ ಮುಖ್ಯ ವಿಷಯಕ್ಕೆ ಬರೋಣ. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಎರಡು ಬೇರೆ ಬೇರೆ ಅಂಕಗಳಿವೆ. ಕರಪತ್ರದವರು ಹೇಳೋದು ಮೊದಲನೆಯದನ್ನು ಮಾತ್ರ.

ಸಿಇಟಿ ನೆನಪು ಮಾಡ್ಕೊಳ್ಳಿ. ಇಂಜಿನಿಯರಿಂಗ್ ಸೇರೋಕೆ ಪಿಯುಸಿಯಲ್ಲಿ ಪಿಸಿಎಂ 45 ಶೇಕಡಾ ಇರಬೇಕು. ಇದ್ದರೆ ನೀವು ಅರ್ಹರು. ಆದರೆ 45 ಬಂತು ಅಂತ ಯಾರಾದ್ರೂ ಸಿಹಿ ಹಂಚ್ತಾರಾ? ಸೀಟು ಕೊಡೋದು ರ್‍ಯಾಂಕು, ಆ ವರ್ಷದ ಕಟ್‌ಆಫ್. ಇಲ್ಲೂ ಹಾಗೇ. ವಿದೇಶದಲ್ಲಿದ್ದುಕೊಂಡೇ ಅರ್ಜಿ ಹಾಕೋರಿಗೆ ಫೆಡರಲ್ ಸ್ಕಿಲ್ಡ್ ವರ್ಕರ್ ಅನ್ನೋ ವಿಭಾಗ ಇದೆ. ಅದರಲ್ಲಿ 100ಕ್ಕೆ 67 ಬಂದರೆ ನೀವು ಪೂಲ್ ಒಳಗೆ ಹೋಗಬಹುದು. ಒಳಗೆ ಹೋದ ಮೇಲೆ 1200ಕ್ಕೆ ಇನ್ನೊಂದು ಅಂಕ ಸಿಗುತ್ತೆ, ಅದಕ್ಕೆ ಸಿಆರ್‌ಎಸ್ ಅಂತ ಹೆಸರು. ಸರ್ಕಾರ ಆಗಾಗ ಒಂದು ಸುತ್ತು ನಡೆಸಿ, ಮೇಲಿಂದ ಇಷ್ಟು ಜನರಿಗೆ ಅಂತ ಆಹ್ವಾನ ಕಳಿಸುತ್ತೆ. ಕೊನೆಯವನ ಅಂಕವೇ ಆ ಸುತ್ತಿನ ಕಟ್‌ಆಫ್. ಆಹ್ವಾನ ಬಂದವರು ಮಾತ್ರ ಪಿಆರ್‌ಗೆ ನಿಜವಾದ ಅರ್ಜಿ ಹಾಕೋದು. ಪ್ರೊಫೈಲ್ ಹಾಕೋದು ಅರ್ಜಿ ಅಲ್ಲ. ಅದಕ್ಕೆ ಸರ್ಕಾರ ಒಂದು ಪೈಸೆಯನ್ನೂ ತಗೊಳ್ಳಲ್ಲ, ಅನ್ನೋದು ನನಗೆ ಆ 80,000 ಕಟ್ಟಿದ ಮೇಲೆ ಗೊತ್ತಾಯ್ತು.

67ರ ಲೆಕ್ಕ ನಿಮ್ಮದನ್ನೇ ಹಾಕಿ ನೋಡೋಣ. ಬಿಇಗೆ 21. ವಯಸ್ಸು 18ರಿಂದ 35ರ ಒಳಗಿದ್ದರೆ 12. ಇಂಗ್ಲಿಷ್ ತುಂಬ ಚೆನ್ನಾಗಿ ಬಂದರೆ ಗರಿಷ್ಠ 24. ಒಂದು ವರ್ಷದ ಕೆಲಸಕ್ಕೆ 9. ಕೂಡಿಸಿ: 66! ಪ್ಲೇಸ್‌ಮೆಂಟ್ ಆಗಿ ಒಂದೇ ವರ್ಷಕ್ಕೆ ಹೊರಡ್ತೀನಿ ಅನ್ನೋರಿಗೆ ಒಂದು ಅಂಕ ಕಮ್ಮಿ. ಅಲ್ಲಿ ಹತ್ತಿರದ ಸಂಬಂಧಿ ಇದ್ದರೆ 5 ಸಿಗುತ್ತೆ. ಇಲ್ಲ ಅಂದ್ರೆ ಎರಡು ವರ್ಷ ತುಂಬಲಿ, ಆಗ 9ರ ಬದಲು 11, ಒಟ್ಟು 68. ಗಮನಿಸಿ, ಇದರಲ್ಲಿ ಎಲ್ಲೂ ಸಿಜಿಪಿಎ ಇಲ್ಲ. ಸಿಆರ್‌ಎಸ್‌ನಲ್ಲೂ ಇಲ್ಲ. 9.4 ಇದ್ದವನಿಗೂ 6.1 ಇದ್ದವನಿಗೂ ಒಂದೇ ಅಂಕ. (ಲಾಸ್ಟ್ ಬೆಂಚಿನವರು ಈ ಸಾಲಿಗೆ ಅಂಡರ್‌ಲೈನ್ ಹಾಕ್ಕೋಬಹುದು.)

ನನ್ನ ಕಥೆ ಶುರುವಾಗಿದ್ದು 2018ರಲ್ಲಿ. ಇ ಅಂಡ್ ಸಿ ಓದಿ, ಎಲ್ಲರ ಹಾಗೆ ಸಾಫ್ಟ್‌ವೇರ್ ಸೇರಿ ಮೂರು ವರ್ಷ ಆಗಿತ್ತು, ವಯಸ್ಸು 25. ಐಇಎಲ್‌ಟಿಎಸ್ ಬರೆದೆ. ಲಿಸನಿಂಗ್ 7.5, ರೀಡಿಂಗ್ 8, ರೈಟಿಂಗ್ 7, ಸ್ಪೀಕಿಂಗ್ 7. ಮನೆಯಲ್ಲಿ ಹಬ್ಬ. ಕನ್ಸಲ್ಟೆನ್ಸಿಯವರು ಲೆಕ್ಕ ಹಾಕಿದ್ರು: ಬಿಇಗೆ 21, ವಯಸ್ಸಿಗೆ 12, ಅನುಭವಕ್ಕೆ 11, ಭಾಷೆಗೆ 23. ಸರಿಯಾಗಿ 67. "ಕಂಗ್ರಾಜುಲೇಶನ್ಸ್ ಸರ್, ಯು ಆರ್ ಎಲಿಜಿಬಲ್" ಅಂತ ಕೈ ಕುಲುಕಿದ್ರು. ಸಿಆರ್‌ಎಸ್ ಎಷ್ಟು ಅಂತ ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಒಂದು ತಿಂಗಳಾದ ಮೇಲೆ ಲಾಗಿನ್ ಆಗಿ ನೋಡಿದ್ರೆ 387. ಆಗ ಕಟ್‌ಆಫ್ 440ರ ಮೇಲಿತ್ತು.

387 ಯಾಕೆ ಅನ್ನೋದನ್ನು ಬಿಡಿಸಿ ಹೇಳ್ತೀನಿ, ಏಕೆಂದರೆ ಇಡೀ ಆಟ ಇರೋದು ಇಲ್ಲೇ. ಮದುವೆಯಾಗದವರ ಲೆಕ್ಕ ಇದು. ವಯಸ್ಸು 20ರಿಂದ 29ರವರೆಗೆ ಪೂರ್ತಿ 110. ಬಿಇಗೆ 120. ಭಾಷೆಗೆ ನಾಲ್ಕು ಭಾಗ, ಪ್ರತಿಯೊಂದಕ್ಕೂ ಹೆಚ್ಚೆಂದರೆ 34. ಅವರು ಐಇಎಲ್‌ಟಿಎಸ್ ಬ್ಯಾಂಡನ್ನು ನೇರವಾಗಿ ತಗೊಳ್ಳಲ್ಲ, ಸಿಎಲ್‌ಬಿ ಅನ್ನೋ ತಮ್ಮ ಅಳತೆಗೆ ಬದಲಾಯಿಸ್ತಾರೆ. ಸಿಎಲ್‌ಬಿ 9 ಬರಬೇಕಾದರೆ ರೀಡಿಂಗ್, ರೈಟಿಂಗ್, ಸ್ಪೀಕಿಂಗ್‌ನಲ್ಲಿ 7 ಸಾಕು, ಆದರೆ ಲಿಸನಿಂಗ್‌ನಲ್ಲಿ 8 ಬೇಕು. ನನ್ನ 7.5 ಸಿಎಲ್‌ಬಿ 8ಕ್ಕೆ ಇಳೀತು. ಅಲ್ಲಿ ನೇರವಾಗಿ ಹೋಗಿದ್ದು 8 ಅಂಕ, ಅದು ದೊಡ್ಡದಲ್ಲ. ಇದರ ಮೇಲೆ ಇನ್ನೊಂದು ಲೆಕ್ಕ ಇದೆ. ಓದು ಮತ್ತು ಭಾಷೆ ಎರಡೂ ಚೆನ್ನಾಗಿದ್ದರೆ ಬಿಇಯವರಿಗೆ ಹೆಚ್ಚುವರಿ 25. ವಿದೇಶಿ ಅನುಭವ (ಅವರ ಪಾಲಿಗೆ ಬೆಂಗಳೂರು ವಿದೇಶ) ಮೂರು ವರ್ಷ ಇದ್ದು ಭಾಷೆಯೂ ಚೆನ್ನಾಗಿದ್ದರೆ ಇನ್ನೊಂದು 50. ಈ "ಚೆನ್ನಾಗಿದ್ದರೆ" ಅಂದ್ರೆ ನಾಲ್ಕೂ ಭಾಗದಲ್ಲಿ ಸಿಎಲ್‌ಬಿ 9. ಒಂದರಲ್ಲಿ ಕಮ್ಮಿಯಾದರೂ 25 ಹೋಗಿ 13, 50 ಹೋಗಿ 25. ಅಂದರೆ ಲಿಸನಿಂಗ್‌ನ ಆ ಅರ್ಧ ಬ್ಯಾಂಡಿಗೆ ನಾನು ಕಳಕೊಂಡಿದ್ದು 8, 12, 25. ಒಟ್ಟು 45 ಅಂಕ. ಒಂದೆರಡು ಸರಿ ಉತ್ತರಕ್ಕೆ 45 ಅಂಕ! ನಮ್ಮ ಯಾವ ಇಂಟರ್ನಲ್ಸ್‌ನಲ್ಲೂ ಇಂಥ ಕ್ರೂರ ಮಾರ್ಕಿಂಗ್ ಇರಲಿಲ್ಲ.

ಡಿಸೆಂಬರಲ್ಲಿ ಮತ್ತೆ ಬರೆದೆ. ಲಿಸನಿಂಗ್ 8, ಉಳಿದದ್ದು ಅಷ್ಟೇ. ಸಿಆರ್‌ಎಸ್ 432 ಆಯ್ತು. 2019ರ ಜನವರಿ ಕೊನೆಗೆ ನಡೆದ ಸುತ್ತಿನಲ್ಲಿ ಕಟ್‌ಆಫ್ 438ಕ್ಕೆ ಇಳೀತು. ಆರು ಅಂಕ. ರೈಟಿಂಗ್, ಸ್ಪೀಕಿಂಗ್ ಎರಡರಲ್ಲೂ 7ರ ಬದಲು 7.5 ಬಂದಿದ್ದರೆ ತಲಾ ಮೂರು ಸೇರಿ ಸರಿಯಾಗಿ 438 ಆಗ್ತಿತ್ತು. ಇಷ್ಟು ಬಂತಲ್ಲ, ಇನ್ನೆರಡು ಸುತ್ತು ಕಾಯೋಣ ಅಂದುಕೊಂಡೆ. ನಾನು ಮಾಡಿದ ದೊಡ್ಡ ತಪ್ಪು ಅದು. ಆ ವರ್ಷ ಎಲ್ಲ ವಿಭಾಗಕ್ಕೂ ಸೇರಿಸಿ ನಡೆದ ಸುತ್ತುಗಳಲ್ಲಿ ಅದೇ ಅತಿ ಕಡಿಮೆ ಕಟ್‌ಆಫ್. ಆಮೇಲೆ ಏರುತ್ತಲೇ ಹೋಯ್ತು. 2020ರಲ್ಲಿ 470ರ ಆಸುಪಾಸು. ಪ್ರೊಫೈಲ್ ಒಂದು ವರ್ಷಕ್ಕೆ ಮುಗೀತು, ಮತ್ತೆ ಹಾಕಿದೆ. ಐಇಎಲ್‌ಟಿಎಸ್ ಎರಡು ವರ್ಷಕ್ಕೆ ಮುಗೀತು. ಅಷ್ಟರಲ್ಲಿ ಕೊರೋನಾ ಬಂದು, 2020ರ ಡಿಸೆಂಬರ್‌ನಿಂದ 2022ರ ಜುಲೈವರೆಗೆ ನಮ್ಮ ವಿಭಾಗದವರಿಗೆ ಸುತ್ತೇ ನಡೀಲಿಲ್ಲ. ಮತ್ತೆ ಶುರುವಾದ ದಿನದ ಕಟ್‌ಆಫ್ 557.

ಆ ಮಧ್ಯೆ ಒಂದು ತಮಾಷೆ ನಡೀತು. 2021ರ ಫೆಬ್ರವರಿ 13ರಂದು ಒಂದೇ ದಿನ 27,332 ಜನರಿಗೆ ಆಹ್ವಾನ ಹೋಯ್ತು, ಕಟ್‌ಆಫ್ ಎಷ್ಟು ಗೊತ್ತಾ? 75. ಏಳುನೂರಾ ಐವತ್ತಲ್ಲ, ಎಪ್ಪತ್ತೈದು. ಆದರೆ ಅದು ಕೆನಡಾದಲ್ಲಿ ಆಗಲೇ ಒಂದು ವರ್ಷ ಕೆಲಸ ಮಾಡಿದವರಿಗೆ ಇರೋ ಕೆನಡಿಯನ್ ಎಕ್ಸ್‌ಪೀರಿಯನ್ಸ್ ಕ್ಲಾಸ್‌ಗೆ ಮಾತ್ರ. ಗಡಿ ಮುಚ್ಚಿತ್ತು, ಹೊರಗಿನವರನ್ನು ಕರೆಸೋ ಹಾಗಿರಲಿಲ್ಲ, ಒಳಗಿದ್ದವರನ್ನೇ ಉಳಿಸಿಕೊಂಡ್ರು. ಕಟ್‌ಆಫ್ ನಿಮ್ಮ ಯೋಗ್ಯತೆಯ ಅಳತೆ ಅಲ್ಲ, ಆ ವಾರ ಆ ಸರ್ಕಾರಕ್ಕೆ ಯಾರು ಬೇಕು ಅನ್ನೋದರ ಅಳತೆ ಅಂತ ನನಗೆ ಅರ್ಥ ಆಗಿದ್ದು ಅವತ್ತು.

ಅವರಿಗೆ ಈಗ ಯಾರು ಬೇಕು? 2023ರಿಂದ ವಿಭಾಗವಾರು ಸುತ್ತು ಶುರು ಮಾಡಿದ್ದಾರೆ. 2025ರಲ್ಲಿ ಆಹ್ವಾನ ಹೋಗಿದ್ದು ಹೆಚ್ಚಾಗಿ ಕೆನಡಾದಲ್ಲಿ ಕೆಲಸ ಮಾಡಿದವರಿಗೆ, ಯಾವುದಾದರೂ ಪ್ರಾಂತ್ಯ ಹೆಸರು ಸೂಚಿಸಿದವರಿಗೆ, ಫ್ರೆಂಚ್ ಬಲ್ಲವರಿಗೆ, ಆರೋಗ್ಯ ಕ್ಷೇತ್ರದವರಿಗೆ. ಎಸ್‌ಟಿಇಎಂ ಅಂತ ನಮಗೊಂದು ವಿಭಾಗ ಹೆಸರಿಗಿದೆ, 2024ರ ಏಪ್ರಿಲ್‌ನಲ್ಲಿ ಅದರ ಸುತ್ತು ನಡೆದಿತ್ತು, ಆಮೇಲೆ 2025ರಲ್ಲೆಲ್ಲ ಸದ್ದಿಲ್ಲ. ಕೆನಡಾ ಅನುಭವದವರ ಸುತ್ತಿಗೇ ಆ ವರ್ಷ 500ರ ಕೆಳಗೆ ಇಳಿದಿಲ್ಲ. ಒಟ್ಟು ಪಿಆರ್ ಸಂಖ್ಯೆಯನ್ನೇ ಇಳಿಸಿದ್ದಾರೆ. ವರ್ಷಕ್ಕೆ 5 ಲಕ್ಷ ಅಂತಿದ್ದ ಯೋಜನೆ 2025ಕ್ಕೆ 3,95,000 ಆಯ್ತು. ಮೊದಲು ಜಾಬ್ ಆಫರ್‌ಗೆ 50 ಅಥವಾ 200 ಅಂಕ ಇತ್ತು. ಅದಕ್ಕೆ ಸುಳ್ಳು ಆಫರ್ ಮಾರೋ ದಂಧೆಯೇ ಬೆಳೆದಿತ್ತು. 2025ರ ಮಾರ್ಚ್ 25ರಿಂದ ಅದನ್ನೂ ತೆಗೆದುಹಾಕಿದ್ರು. ಈಗಲೂ ಯಾರಾದ್ರೂ "ಆಫರ್ ಲೆಟರ್ ಕೊಡಿಸ್ತೀವಿ, ಪಾಯಿಂಟ್ ಜಾಸ್ತಿಯಾಗುತ್ತೆ" ಅಂದ್ರೆ ಎದ್ದು ಬನ್ನಿ.

ಹಾಗಾದ್ರೆ ಬೆಂಗಳೂರಲ್ಲಿ ಕೂತ ಬಿಇ ಹುಡುಗ ಅಥವಾ ಹುಡುಗಿಗೆ ದಾರಿ ಏನು? ನನ್ನ ಲೆಕ್ಕದಲ್ಲಿ ಮೂರು. ಒಂದು, ಅಲ್ಲೇ ಓದಿ, ವರ್ಕ್ ಪರ್ಮಿಟ್ ಮೇಲೆ ಒಂದು ವರ್ಷ ಕೆಲಸ ಮಾಡಿ, ಆಮೇಲೆ ಪ್ರಯತ್ನಿಸೋದು. ಹೆಚ್ಚಿನವರು ಹೋಗೋದು ಹೀಗೆ. ಆದರೆ 2024ರಿಂದ ಸ್ಟಡಿ ಪರ್ಮಿಟ್‌ಗೂ ಮಿತಿ ಬಂದಿದೆ. ಸಾಲ ಮಾಡಿ ಹೋದವರಿಗೆ ಪಿಆರ್ ಖಾತ್ರಿ ಅಂತ ಯಾರೂ ಬರೆದುಕೊಟ್ಟಿಲ್ಲ. ಮನೆ ಅಡ ಇಡೋ ಮುಂಚೆ ಈ ವಾಕ್ಯವನ್ನು ಅಪ್ಪ ಅಮ್ಮನ ಮುಂದೆ ಜೋರಾಗಿ ಓದಿ. ಎರಡು, ಪ್ರಾಂತ್ಯದ ನಾಮನಿರ್ದೇಶನ. ಸಿಕ್ಕರೆ 600 ಅಂಕ, ಅಲ್ಲಿಗೆ ಕಥೆ ಮುಗೀತು. ಆದರೆ ಅದು ನಮ್ಮ ಕೈಯಲ್ಲಿಲ್ಲ, ಪ್ರಾಂತ್ಯಗಳೂ ಅಲ್ಲಿ ಈಗಾಗಲೇ ಇರೋರನ್ನೇ ಹೆಚ್ಚು ನೋಡ್ತವೆ. ಮೂರನೆಯದು ಫ್ರೆಂಚ್.

ಫ್ರೆಂಚ್ ಅಂದ ಕೂಡಲೇ ನಗಬೇಡಿ, ನಾನೂ ನಕ್ಕಿದ್ದೆ. ನಾಲ್ಕೂ ಭಾಗದಲ್ಲಿ ಅವರ ಅಳತೆಯ 7 ಬಂದರೆ (ಸುಮಾರು ಬಿ2 ಮಟ್ಟ), ಇಂಗ್ಲಿಷ್ ಜೊತೆಗಿದ್ದರೆ 50 ಅಂಕ. ಎರಡನೇ ಭಾಷೆ ಅಂತ ಮೇಲೆ ಇನ್ನೊಂದು 12. ಅದಕ್ಕಿಂತ ಮುಖ್ಯ, ಫ್ರೆಂಚ್‌ನವರ ಸುತ್ತು ಬೇರೆಯೇ ನಡೆಯುತ್ತೆ. 2025ರ ಮಾರ್ಚ್‌ನಲ್ಲಿ ಅದರ ಕಟ್‌ಆಫ್ 379ಕ್ಕೆ ಇಳಿದಿತ್ತು. ನನ್ನ ಹಳೇ 432 ಇಟ್ಟುಕೊಂಡು ಹೋಲಿಸಿ ನೋಡಿ. ಇದು ಆರು ತಿಂಗಳ ಕೆಲಸ ಅಲ್ಲ, ಕೆಲಸ ಮಾಡ್ತಾ ಕಲಿಯೋರಿಗೆ ಎರಡು ವರ್ಷ ಬೇಕೇ ಬೇಕು. ಆದರೆ ನೀವು ಮೂರನೇ ವರ್ಷದಲ್ಲಿದ್ದೀರಿ ಅಂತಿಟ್ಟುಕೊಳ್ಳಿ. ಈಗ ಶುರು ಮಾಡಿದರೆ ನಿಮ್ಮ ಅನುಭವ ತುಂಬೋ ಹೊತ್ತಿಗೆ ಭಾಷೆಯೂ ತುಂಬಿರುತ್ತೆ. ವಸಂತನಗರದ ಅಲಿಯಾನ್ಸ್ ಫ್ರಾನ್ಸೇಸ್‌ನಲ್ಲಿ ಕೂತರೆ ಸುತ್ತಲಿರೋರಲ್ಲಿ ಅರ್ಧ ಜನ ಇದೇ ಲೆಕ್ಕದವರು ಅನ್ನಿಸುತ್ತೆ.

ಇನ್ನು ಕಾಗದಪತ್ರ. ಇಲ್ಲೇ ನಮ್ಮವರು ಜಾಸ್ತಿ ಎಡವೋದು, ಮತ್ತು ಇದರ ತಯಾರಿ ಇವತ್ತೇ ಶುರು ಮಾಡಬಹುದು.

ಮೊದಲನೆಯದು ಹೆಸರು. ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡಲ್ಲಿ ಹೆಸರಿನ ಪಕ್ಕ ಎರಡು ಇನಿಷಿಯಲ್, ಆಧಾರ್‌ನಲ್ಲಿ ಒಂದೇ, ಪಾಸ್‌ಪೋರ್ಟಲ್ಲಿ ಊರಿನ ಹೆಸರು, ಅಪ್ಪನ ಹೆಸರು ಪೂರ್ತಿ ಬಿಡಿಸಿ ಬರೆದದ್ದು. ನಮಗೆ ಇದು ಒಬ್ಬನೇ ಮನುಷ್ಯ, ಟೊರಾಂಟೋದ ಗುಮಾಸ್ತನಿಗೆ ಮೂವರು. ಡಿಗ್ರಿ ಸರ್ಟಿಫಿಕೇಟ್ ಪ್ರಿಂಟ್ ಆಗೋ ಮುಂಚೆ ಪಾಸ್‌ಪೋರ್ಟ್ ಮತ್ತು ಮಾರ್ಕ್ಸ್ ಕಾರ್ಡಿನ ಹೆಸರು ಒಂದೇ ಇದೆಯಾ ನೋಡಿಕೊಳ್ಳಿ. ಇಲ್ಲದಿದ್ದರೆ ಅಫಿಡವಿಟ್ ಮಾಡಿಸುತ್ತಾ ಕೂರಬೇಕಾಗುತ್ತೆ.

ಎರಡನೆಯದು ಡಿಗ್ರಿಯ ಮೌಲ್ಯಮಾಪನ, ಇಸಿಎ ಅಂತಾರೆ. ನಿಮ್ಮ ಬಿಇ ಅವರ ಬ್ಯಾಚುಲರ್ ಡಿಗ್ರಿಗೆ ಸಮ ಅಂತ ಒಪ್ಪಿಗೆ ಪಡೆದ ಸಂಸ್ಥೆಯೊಂದು ಹೇಳಬೇಕು. ಟ್ರಾನ್ಸ್‌ಕ್ರಿಪ್ಟ್ ವಿಶ್ವವಿದ್ಯಾಲಯದಿಂದಲೇ ಹೋಗಬೇಕು, ನೀವು ಜೆರಾಕ್ಸ್ ಕಳಿಸಿದರೆ ನಡೆಯಲ್ಲ. ಇದಕ್ಕೆ ಐದು ವರ್ಷ ಆಯಸ್ಸು. ನನ್ನದು ಮುಗಿದುಹೋಯ್ತು.

ಮೂರನೆಯದು, ನನ್ನನ್ನು ಅತಿ ಹೆಚ್ಚು ಗೋಳಾಡಿಸಿದ್ದು, ಎಕ್ಸ್‌ಪೀರಿಯನ್ಸ್ ಲೆಟರ್. ನಮ್ಮ ಕಂಪನಿಗಳು ಕೊಡೋ ರಿಲೀವಿಂಗ್ ಲೆಟರಲ್ಲಿ ಸೇರಿದ ದಿನ, ಬಿಟ್ಟ ದಿನ, ಹುದ್ದೆ, ಕೊನೆಗೆ "ನಡತೆ ತೃಪ್ತಿಕರ" ಇರುತ್ತೆ. ಅವರಿಗೆ ಬೇಕಾದ್ದು ನೀವು ದಿನಾ ಏನು ಮಾಡ್ತಿದ್ರಿ ಅನ್ನೋ ವಿವರ, ವಾರಕ್ಕೆ ಎಷ್ಟು ಗಂಟೆ, ಸಂಬಳ ಎಷ್ಟು, ಲೆಟರ್‌ಹೆಡ್ ಮೇಲೆ ಸಹಿ ಸಮೇತ. ಅಲ್ಲಿ ಪ್ರತಿ ಕೆಲಸಕ್ಕೂ ಎನ್‌ಒಸಿ ಅನ್ನೋ ಐದಂಕಿಯ ಸಂಖ್ಯೆ ಇದೆ. ಸಾಫ್ಟ್‌ವೇರ್ ಇಂಜಿನಿಯರ್ 21231, ಸಿವಿಲ್ 21300, ಮೆಕ್ಯಾನಿಕಲ್ 21301, ಎಲೆಕ್ಟ್ರಿಕಲ್ ಮತ್ತು ಎಲೆಕ್ಟ್ರಾನಿಕ್ಸ್ 21310. ನಿಮ್ಮ ಹುದ್ದೆಯ ಹೆಸರಲ್ಲ, ನೀವು ಮಾಡಿದ ಕೆಲಸ ಆ ಸಂಖ್ಯೆಯ ವಿವರಣೆಗೆ ಹೊಂದಬೇಕು. ಹಾಗಂತ ವಿವರಣೆಯನ್ನೇ ಕಾಪಿ ಹೊಡೆದು ಅಂಟಿಸಬೇಡಿ, ಅಸೈನ್‌ಮೆಂಟ್ ಥರ ಸಿಕ್ಕಿಬೀಳ್ತೀರಿ. ನನ್ನ ಮೊದಲ ಕಂಪನಿಯ ಎಚ್‌ಆರ್ "ನಮ್ಮ ಫಾರ್ಮ್ಯಾಟ್ ಇಷ್ಟೇ" ಅಂತ ನಾಲ್ಕು ತಿಂಗಳು ಓಡಾಡಿಸಿದ್ರು. ಕೊನೆಗೆ ಹಳೇ ಮ್ಯಾನೇಜರ್ ಕೈಯಿಂದ ಪತ್ರ ಬರೆಸಿ, ಸಂಬಳದ ಸ್ಲಿಪ್ಪು, ಫಾರ್ಮ್ 16 ಎಲ್ಲ ಒಟ್ಟು ಮಾಡಿಟ್ಟೆ. ಆದ್ದರಿಂದ ಕೆಲಸ ಬಿಡೋ ವಾರ ಪಾರ್ಟಿಗಿಂತ ಮುಂಚೆ ಈ ಪತ್ರ ಕೇಳಿ, ನೋಟಿಸ್ ಪೀರಿಯಡ್‌ನಲ್ಲಿ ನಿಮಗಿರೋ ಬೆಲೆ ಆಮೇಲೆ ಇರಲ್ಲ. ಸಂಬಳ ಇಲ್ಲದ ಇಂಟರ್ನ್‌ಶಿಪ್ ಲೆಕ್ಕಕ್ಕೆ ಬರಲ್ಲ ಅನ್ನೋದೂ ನೆನಪಿರಲಿ. ಒಂದು ವರ್ಷ ಅಂದ್ರೆ ವಾರಕ್ಕೆ 30 ಗಂಟೆಯಂತೆ 1,560 ಗಂಟೆ, ಮಧ್ಯೆ ಗ್ಯಾಪ್ ಇಲ್ಲದೆ.

ದುಡ್ಡು: ಆಹ್ವಾನ ಬಂದ ಮೇಲೆ ಅರ್ಜಿ ಹಾಕೋಕೆ 60 ದಿನ ಕೊಡ್ತಾರೆ. 2024ರಲ್ಲಿ ಶುಲ್ಕ ಒಬ್ಬರಿಗೆ 1,525 ಡಾಲರ್ ಆಗಿತ್ತು, ಬಯೋಮೆಟ್ರಿಕ್ಸ್ 85 ಬೇರೆ. ಮೆಡಿಕಲ್, ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್ ಖರ್ಚು ಪ್ರತ್ಯೇಕ. ಇದಲ್ಲದೆ ನಮ್ಮ ವಿಭಾಗದವರು ಅಲ್ಲಿ ಹೋಗಿ ನೆಲೆ ನಿಲ್ಲೋಕೆ ದುಡ್ಡಿದೆ ಅಂತ ತೋರಿಸಬೇಕು. ಒಬ್ಬರಿಗೆ 2025ರ ಲೆಕ್ಕದಲ್ಲಿ 15,263 ಕೆನಡಿಯನ್ ಡಾಲರ್, ಅದೂ ಸಾಲದ ದುಡ್ಡಾಗಿರಬಾರದು. ಮಾವನ ಹತ್ರ ಒಂದು ವಾರಕ್ಕೆ ತಂದು ಅಕೌಂಟಲ್ಲಿ ಇಟ್ಟರೆ ಗೊತ್ತಾಗುತ್ತೆ, ಆರು ತಿಂಗಳ ಸರಾಸರಿ ಕೇಳ್ತಾರೆ. ಯಾವುದೇ ಸುಳ್ಳು ಕಾಗದ ಸಿಕ್ಕರೆ ಐದು ವರ್ಷ ನಿಷೇಧ. ಕನ್ಸಲ್ಟೆಂಟ್ ಹಾಕಿದ ಸುಳ್ಳಿಗೂ ಹೊಣೆ ನೀವೇ, ಸಹಿ ನಿಮ್ಮದು.

ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್‌ನವರಿಗೆ ಒಂದು ಮಾತು ಜಾಸ್ತಿ. ಪಿಆರ್ ಸಿಕ್ಕ ಮಾತ್ರಕ್ಕೆ ಅಲ್ಲಿ ಇಂಜಿನಿಯರ್ ಅಂತ ಸಹಿ ಹಾಕೋ ಹಾಗಿಲ್ಲ, ಆಯಾ ಪ್ರಾಂತ್ಯದ ಲೈಸೆನ್ಸ್ ಬೇಕು. ಒಂಟಾರಿಯೋದಲ್ಲಿ 2023ರಿಂದ ಅದಕ್ಕೆ ಕೆನಡಾದ್ದೇ ಅನುಭವ ಬೇಕು ಅನ್ನೋ ನಿಯಮ ತೆಗೆದಿದ್ದಾರೆ, ಪರೀಕ್ಷೆ ಮತ್ತು ಅನುಭವದ ದಾಖಲೆ ಬೇಕೇ ಬೇಕು. ಭಾರತ 2014ರಲ್ಲಿ ವಾಷಿಂಗ್ಟನ್ ಅಕಾರ್ಡ್‌ಗೆ ಪೂರ್ಣ ಸದಸ್ಯ ಆಯ್ತು. ಆದರೆ ಅದರ ಲಾಭ ಇರೋದು ಎನ್‌ಬಿಎಯ ಟಯರ್ 1 ಮಾನ್ಯತೆ ಇರೋ ಕೋರ್ಸಿಗೆ ಮಾತ್ರ, ಕಾಲೇಜಿಗೆ ಇಡಿಯಾಗಿ ಅಲ್ಲ. ನಿಮ್ಮ ಬ್ರಾಂಚಿಗೆ, ನೀವು ಪಾಸಾಗೋ ವರ್ಷಕ್ಕೆ ಅದು ಇದೆಯಾ ಅಂತ ಎಚ್‌ಒಡಿಯನ್ನು ಕೇಳಿ, ಈ ಪ್ರಶ್ನೆ ಕೇಳೋಕೆ ಸಂಕೋಚ ಬೇಡ. ಆಸ್ಟ್ರೇಲಿಯಾಗೆ ಹೋಗೋರಿಗೂ ಇದು ಬೇಕಾಗುತ್ತೆ. ಅಲ್ಲೂ ಕಥೆ ಇದೇ: 65 ಅಂಕ ಬಂದರೆ ಅರ್ಹತೆ, ಆಹ್ವಾನ ಬರೋದು ಅದಕ್ಕಿಂತ ಮೇಲಿದ್ದವರಿಗೆ.

ವಯಸ್ಸಿನ ವಿಷಯ ಕೊನೆಗೆ ಇಟ್ಟಿದ್ದೆ, ನನಗೇ ಬೇಜಾರಾಗುತ್ತೆ ಅಂತ. 29ರವರೆಗೆ 110 ಇರೋದು 30ಕ್ಕೆ 105, 31ಕ್ಕೆ 99, 32ಕ್ಕೆ 94. ನನಗೀಗ 32. ಹತ್ತು ವರ್ಷದ ಅನುಭವ ಇದೆ, ಆದರೆ ವಿದೇಶಿ ಅನುಭವಕ್ಕೆ ಮೂರು ವರ್ಷದ ಮೇಲೆ ಒಂದಂಕವೂ ಹೆಚ್ಚಿಲ್ಲ. ಐಇಎಲ್‌ಟಿಎಸ್ ಮತ್ತೆ ಬರೆದು ಹಳೇ ಬ್ಯಾಂಡೇ ಬಂದರೆ 416. ಹೋದ ವರ್ಷದಿಂದ ಶನಿವಾರ, ಭಾನುವಾರ ಬೆಳಿಗ್ಗೆ ಫ್ರೆಂಚ್ ಕ್ಲಾಸಿಗೆ ಹೋಗ್ತಿದ್ದೀನಿ. ಬಿ1 ಮುಗೀತು, ಬಿ2 ಶುರುವಾಗಿದೆ. ಅದು ದಾಟಿದರೆ 478. ಜೂನ್‌ನಲ್ಲಿ ನನ್ನ ಹುಟ್ಟುಹಬ್ಬ, ಅಂದಿಗೆ ಇನ್ನೂ ಆರು ಹೋಗುತ್ತೆ. ಹಾಗಾಗಿ ಪರೀಕ್ಷೆಗೆ ಮೇ ತಿಂಗಳ ಮೊದಲ ದಿನಾಂಕವನ್ನೇ ಬುಕ್ ಮಾಡಿದ್ದೀನಿ.